ಪಟ್ಟಿಯಲ್ಲಿಲ್ಲದ ಉಪ್ಪಿನಕಾಯಿ

ನಾನು ಡಿಗ್ರಿ ಮಾಡುವುದು ಆಗದ ಮಾತು ಎಂದು ಮೊದಲು ಹೇಳಿದವರು ನನ್ನ ಭಾವ. ಅಕ್ಕನ ಗಂಡ, ನನಗೆ ಕತಾರ್‌ನ ವೀಸಾ ತೆಗೆಸಿಕೊಟ್ಟವರು. ಹಾಗಾಗಿ ನನ್ನ ಬಗ್ಗೆ ಏನು ಬೇಕಾದರೂ ಹೇಳುವ ಅಧಿಕಾರ ಅವರಿಗೆ ಇತ್ತು. ಬಿನ್ ಮಹಮೂದ್ ಬಡಾವಣೆಯ ಅವರ ಎರಡು ಕೋಣೆಯ ಫ್ಲ್ಯಾಟ್‌ನಲ್ಲಿ ಒಂದು ಶುಕ್ರವಾರ ನಾನು ಮುಕ್ತ ವಿಶ್ವವಿದ್ಯಾಲಯದ ಅರ್ಜಿ ತೋರಿಸಿದಾಗ ಅವರು ಟೀವಿಯಿಂದ ಕಣ್ಣು ತೆಗೆಯದೆ ಅಂದರು:

"ಎಸ್ಸೆಸೆಲ್ಸಿಯಲ್ಲಿ ಇಂಗ್ಲಿಷಿಗೆ ಎರಡು ಸಲ ಕೂತವ ನೀನು. ಈಗ ಇಂಗ್ಲಿಷಿನಲ್ಲೇ ಬಿ.ಎ. ಮಾಡ್ಲಿಕ್ಕುಂಟಾ? ಸುಮ್ಮನೆ ಅಕ್ಕಿ ತೂಗಿಕೊಂಡು ಇರು ಮಾರಾಯ."

"ಮೂರು ಸಲ ಭಾವ," ಎಂದು ತಿದ್ದಿದೆ. ಸುಳ್ಳು ಲೆಕ್ಕದ ಮೇಲೆ ವಾದ ಗೆಲ್ಲುವುದು ನನಗೆ ಬೇಕಿರಲಿಲ್ಲ.

ಅಕ್ಕಿ ತೂಗುವುದು ನನ್ನ ಉದ್ಯೋಗ. ಇಂಡಸ್ಟ್ರಿಯಲ್ ಏರಿಯಾದ ಒಂದು ಕ್ಯಾಂಪಿನ ಮೆಸ್ಸಿನಲ್ಲಿ ನಾನು ಸ್ಟೋರ್‌ಕೀಪರ್. ಕಟ್ಟಡದ ಕೆಲಸಕ್ಕೆ ಬಂದ ನೇಪಾಳಿಗಳು, ಬಿಹಾರಿಗಳು, ತೆಲುಗರು, ನಮ್ಮ ಕಡೆಯ ಕೆಲವರು, ಎಲ್ಲರೂ ಅಲ್ಲಿ ಉಣ್ಣುತ್ತಿದ್ದರು. ತಲೆಗೆ ಇಷ್ಟು ಗ್ರಾಂ ಅಕ್ಕಿ, ಇಷ್ಟು ಗ್ರಾಂ ಬೇಳೆ, ವಾರಕ್ಕೆ ಇಷ್ಟು ದಿನ ಕೋಳಿ. ಅಡುಗೆಮನೆಗೆ ಅದನ್ನು ತೂಗಿ ಕೊಡುವವನು ನಾನು. ಬೆಳಗಿನ ಜಾವಕ್ಕೇ ಅನ್ನ ಬೆಂದು, ಡಬ್ಬಿಗಳು ತುಂಬಿ, ಕಂಪನಿ ಬಸ್ಸುಗಳ ಜೊತೆ ಸೈಟಿಗೆ ಹೋಗಿಬಿಡುತ್ತಿದ್ದವು. ಹನ್ನೊಂದರಿಂದ ನಾಲ್ಕರವರೆಗೆ ಅಡುಗೆಯವರೆಲ್ಲ ನಿದ್ದೆ. ನಾನು ಮಾತ್ರ ತರಕಾರಿ ಇಡುವ ತಣ್ಣನೆ ಕೋಣೆಯ ಪಕ್ಕದಲ್ಲಿ ಅಕ್ಕಿ ಚೀಲದ ಮೇಲೆ ಕೂತು ಓದುತ್ತಿದ್ದೆ. ಒಂದು ಕೈಯಲ್ಲಿ ಪಠ್ಯ, ಇನ್ನೊಂದರಲ್ಲಿ ಇಂಗ್ಲಿಷ್ ಕನ್ನಡ ನಿಘಂಟು. ಮೊದಲ ವರ್ಷ ಒಂದು ಪುಟಕ್ಕೆ ಒಂದು ಮಧ್ಯಾಹ್ನ ಹಿಡಿಯುತ್ತಿತ್ತು. ಆಮೇಲೆ ಎರಡು ಪುಟವಾಯಿತು. ನನಗೆ ಅದು ದೊಡ್ಡ ಬಡ್ತಿ.

ಪಿಯುಸಿ ಇಲ್ಲದವರಿಗೆ ಒಂದು ಪ್ರವೇಶ ಪರೀಕ್ಷೆ ಇತ್ತು, ಅದನ್ನು ಹೇಗೋ ದಾಟಿದ್ದೆ. ಆದರೆ ಒಂದು ಕಟ್ಟಳೆ: ಸೇರಿದ ಆರು ವರ್ಷದೊಳಗೆ ಎಲ್ಲ ಮುಗಿಸಬೇಕು, ಇಲ್ಲವಾದರೆ ಮೊದಲಿಂದ ಆರಂಭ. ಫೇಲಾಗಿ, ಮತ್ತೆ ಕೂತು, ರಜೆ ಸಿಗದೆ ಪರೀಕ್ಷೆ ತಪ್ಪಿ, ನಾನು ಐದೂವರೆ ವರ್ಷ ಕಳೆದಿದ್ದೆ. ಉಳಿದದ್ದು ಇತಿಹಾಸದ ಒಂದು ಪ್ರಾಜೆಕ್ಟ್ ಮಾತ್ರ. ಅದು ಪಾಸಾದರೆ ಪದವೀಧರ, ಫೇಲಾದರೆ ಎಲ್ಲಾ ಖಲಾಸ್. ಇನ್ನೊಮ್ಮೆ ಮೊದಲಿಂದ ಓದುವ ಧೈರ್ಯ ನನಗೆ ಇರಲಿಲ್ಲ. ಇಷ್ಟು ಹೇಳಿದರೆ ನನ್ನ ಆಗಿನ ಸ್ಥಿತಿ ತಿಳಿಯಬಹುದು.

ನಮ್ಮ ಅಧ್ಯಯನ ಕೇಂದ್ರ ನಡೆಯುತ್ತಿದ್ದದ್ದು ಒಂದು ಇಂಡಿಯನ್ ಶಾಲೆಯಲ್ಲಿ, ಶುಕ್ರವಾರ ಬೆಳಿಗ್ಗೆ ಮಾತ್ರ. ಇತಿಹಾಸದ ಮೇಡಂ ಮಂಗಳೂರಿನವರು, ಮನೆಯಲ್ಲಿ ಕೊಂಕಣಿ, ನನ್ನ ಜೊತೆ ಕನ್ನಡ. ಅವರು ಕೊಟ್ಟ ವಿಷಯಗಳಲ್ಲಿ ಒಂದು ನನ್ನ ಕಣ್ಣಿಗೆ ಬಿತ್ತು: ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಬಡವರ ವರ್ಕ್‌ಹೌಸ್‌ಗಳನ್ನು ನಡೆಸುತ್ತಿದ್ದ ಬಗೆ.

"ಯಾಕೆ ಇದೇ?" ಎಂದು ಮೇಡಂ ಕೇಳಿದರು.

"ಇದರಲ್ಲಿ ಊಟದ ಪಟ್ಟಿ ಉಂಟು ಮೇಡಂ, ತೂಕದ ಸಮೇತ."

ರಾಜರ ಯುದ್ಧ, ಒಪ್ಪಂದ ಎಲ್ಲ ನನಗೆ ಕಷ್ಟ. ತೂಕ ಇರುವಲ್ಲಿ ನನಗೆ ಹೆದರಿಕೆ ಇಲ್ಲ.

ಮೇಡಂ ಕೊಟ್ಟ ಜೆರಾಕ್ಸ್ ಕಟ್ಟನ್ನು ಓದುತ್ತಾ ಹೋದ ಹಾಗೆ ನನಗೆ ಒಂದು ಥರದ ಖುಷಿಯೇ ಆಗತೊಡಗಿತು. ಇದೆಲ್ಲ ನನಗೆ ಗೊತ್ತಿದ್ದ ಪ್ರಪಂಚ! ದುಡಿಯಲು ಆಗದ, ದುಡಿಮೆ ಸಿಗದ ಬಡವರಿಗೆ ಮನೆಯಲ್ಲಿ ಸಹಾಯ ಕೊಡುವುದು ಬೇಡ, ಒಂದು ದೊಡ್ಡ ಕಟ್ಟಡದೊಳಗೆ ಬಂದರೆ ಮಾತ್ರ ಅನ್ನ, ಎಂದು ಸರಕಾರ ಕಾನೂನು ಮಾಡಿತ್ತು. ಸುತ್ತಲಿನ ಹಲವು ಊರುಗಳು ಸೇರಿ ಒಂದು ವರ್ಕ್‌ಹೌಸ್. ನಡೆಸಲಿಕ್ಕೆ ಊರಿನ ಗಣ್ಯರ ಒಂದು ಮಂಡಳಿ, ಅವರದು ವಾರಕ್ಕೊಂದು ಮೀಟಿಂಗ್. ಒಳಗಿನ ಯಜಮಾನನಿಗೆ ಮಾಸ್ಟರ್ ಎಂದು ಹೆಸರು, ನಮ್ಮ ಕ್ಯಾಂಪ್ ಬಾಸ್ ಇದ್ದ ಹಾಗೆ. ಹೆಂಗಸರ ಕಡೆ ನೋಡಿಕೊಳ್ಳಲು ಮೇಟ್ರನ್, ಅವಳು ಹೆಚ್ಚಾಗಿ ಮಾಸ್ಟರನ ಹೆಂಡತಿ. ಗೇಟಿನಲ್ಲಿ ಒಬ್ಬ ಪೋರ್ಟರ್. ಬಂದವರ ಹೆಸರು ಬರೆದುಕೊಂಡು, ಜೇಬು ತಡಕಿ ಒಳಗೆ ಬಿಡುವುದು ಅವನ ಕೆಲಸ. ಮೊದಲು ಸ್ನಾನ. ಉಟ್ಟ ಬಟ್ಟೆ ಒಗೆದು ಕಟ್ಟಿ ಸ್ಟೋರಿಗೆ, ಮೈಮೇಲೆ ಅಲ್ಲಿಯ ಯೂನಿಫಾರ್ಮ್. ಬೇಕಾದಾಗ ಮುಂಚಿತವಾಗಿ ಹೇಳಿ ಹೊರಗೆ ಹೋಗಬಹುದಿತ್ತು, ಬಟ್ಟೆ ವಾಪಸ್ ಸಿಗುತ್ತಿತ್ತು. ಪಾಸ್‌ಪೋರ್ಟ್ ಕಂಪನಿಯ ಕಪಾಟಿನಲ್ಲಿದ್ದು ನಮ್ಮ ಕೈಯಲ್ಲಿಲ್ಲದಿದ್ದ ಆ ದಿನಗಳಲ್ಲಿ ಈ ಸಾಲಿನ ಕೆಳಗೆ ನಾನು ಪೆನ್ಸಿಲ್ ಗೆರೆ ಎಳೆದದ್ದು ನೆನಪಿದೆ.

ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು, ಗಂಟೆ ಹೊಡೆದರೆ ಮಲಗಬೇಕು. ಕೆಲಸವೆಂದರೆ ಗಂಡಸರಿಗೆ ಕಲ್ಲು ಒಡೆಯುವುದು, ಹಡಗಿನ ಹಳೆಯ ಹಗ್ಗವನ್ನು ಎಳೆ ಎಳೆಯಾಗಿ ಬಿಡಿಸುವುದು. ಹೆಂಗಸರಿಗೆ ಬಟ್ಟೆ ಒಗೆತ, ಅಡುಗೆ, ನೆಲ ಉಜ್ಜುವುದು. ಗಂಡ ಒಂದು ಅಂಗಳ, ಹೆಂಡತಿ ಇನ್ನೊಂದು ಅಂಗಳ, ಮಕ್ಕಳು ಮತ್ತೊಂದು. ಊಟದ ಪಟ್ಟಿಯನ್ನು ಅಚ್ಚು ಹಾಕಿಸಿ ಊಟದ ಹಾಲಿನ ಗೋಡೆಗೆ ತೂಗುಹಾಕಬೇಕು. ಯಾರಿಗಾದರೂ ತನ್ನ ಪಾಲು ಕಡಿಮೆ ಎನಿಸಿದರೆ ಇಬ್ಬರು ಸಾಕ್ಷಿಗಳ ಎದುರು ತೂಗಿಸಿ ನೋಡುವ ಹಕ್ಕಿತ್ತು. ಇದನ್ನು ಓದಿ ನಾನು ಎದ್ದು ನಿಂತೆ. ನಮ್ಮ ಮೆಸ್ಸಿನಲ್ಲಿ ಯಾರಾದರೂ ಹಾಗೆ ಕೇಳಿದ್ದರೆ ಕ್ಯಾಂಪ್ ಬಾಸ್ ಅವನನ್ನೇ ತೂಗಿಬಿಡುತ್ತಿದ್ದ.

ಮೂರು ವಾರದಲ್ಲಿ ಬರೆದು ಮೇಡಂ ಕೈಗಿಟ್ಟೆ. ಮುಂದಿನ ಶುಕ್ರವಾರ ಅವರು ಕರಡನ್ನು ಮೇಜಿನ ಮೇಲೆ ಬಿಡಿಸಿ, ಕನ್ನಡಕ ತೆಗೆದು, ನಕ್ಕರು. ಒಳ್ಳೆಯ ನಗು ಅಲ್ಲ ಎಂದು ಗೊತ್ತಾಯಿತು.

"ಎಂತ ಇದು? ಮೂರು ಪುಟ ಗಂಜಿಯನ್ನು ಹೊಗಳಿದ್ದೀರಲ್ಲ!"

ಹೊಗಳಿದ್ದು ನಿಜ. ಪಟ್ಟಿಯಲ್ಲಿ ದಿನಾ ಬೆಳಿಗ್ಗೆ ಆರು ಔನ್ಸ್ ಬ್ರೆಡ್ಡು, ಒಂದೂವರೆ ಪೈಂಟ್ ಗಂಜಿ ಎಂದಿತ್ತು. ಗಂಜಿ ಎಂದ ಕೂಡಲೆ ನನ್ನ ಬಾಯಲ್ಲಿ ನೀರು. ನಾನು ತುಳುನಾಡಿನವನು. ನಮ್ಮಲ್ಲಿ ಜ್ವರ ಬಂದವರಿಗೆ ಗಂಜಿ, ದಣಿದು ಬಂದವರಿಗೆ ಗಂಜಿ, ಏನೂ ಆಗದವರಿಗೂ ಗಂಜಿ. ಆದ್ದರಿಂದ ಹೀಗೆ ಬರೆದಿದ್ದೆ: ಬಡವರಿಗೆ ದಿನವೂ ಗಂಜಿ ಕೊಡುತ್ತಿದ್ದ ಇಂಗ್ಲಿಷರು ಕರುಣಾಳುಗಳಾಗಿದ್ದರು, ತೂಕದಲ್ಲೂ ಮೋಸವಿಲ್ಲ, ಬಹುಶಃ ನಮ್ಮ ಕರಾವಳಿಗೆ ಬಂದ ವ್ಯಾಪಾರಿಗಳಿಂದ ಇದನ್ನು ಕಲಿತಿರಬಹುದು.

"ಬಹುಶಃ ಅಂತೆ!" ಎಂದರು ಮೇಡಂ. "ನನಗೂ ಗಂಜಿ ಇಷ್ಟವೇ. ಆದರೆ ಪೇಪರ್ ನೋಡುವವರು ಉಡುಪಿಯವರಲ್ಲ. ಅವರದು ಓಟ್ಸ್ ಹಿಟ್ಟಿನ ಗಂಜಿ, ಅದು ಬೇರೆ ವಿಷಯ. ಒಂದು ಪ್ರಶ್ನೆಗೆ ಉತ್ತರ ಹೇಳಿ. ಊಟ ಇಷ್ಟು ಒಳ್ಳೆಯದಾಗಿದ್ದರೆ, ವರ್ಕ್‌ಹೌಸ್‌ಗೆ ಹೋಗುವುದಕ್ಕಿಂತ ಹೊರಗೆ ಹಸಿದು ಸಾಯುವುದೇ ಮೇಲು ಅಂತ ಜನ ಯಾಕೆ ಅಂದ್ರು? ಆ ಮನೆ ನಡೀತಿದ್ದದ್ದು ಯಾವುದರ ಬಲದಿಂದ? ಅದನ್ನು ಬರೆದು ಎರಡು ವಾರದಲ್ಲಿ ತನ್ನಿ. ಇದನ್ನೇ ಕಳಿಸಿದ್ರೆ ನೀವು ಫೇಲ್."

"ತೂಕ ಸರಿ ಉಂಟಲ್ಲ ಮೇಡಂ?"

"ತೂಕ ಸರಿಯೇ ಉಂಟು. ಅದೇ ನಾನು ಹೇಳುದು."

ನನಗೆ ಸಿಟ್ಟು ಬಂತು. ಹಸಿವಿನ ಬಗ್ಗೆ ನನಗೆ ಪಾಠ ಹೇಳುವುದಾ! ಬಸ್ಸಿನಲ್ಲಿ ಬರುತ್ತಾ ಒಂದು ತೀರ್ಮಾನ ಮಾಡಿದೆ: ಆ ಪಟ್ಟಿಯ ಪ್ರಕಾರವೇ ಒಂದು ವಾರ ಉಂಡು ನೋಡುತ್ತೇನೆ. ತೂಗುವ ಯಂತ್ರ ನನ್ನದೇ. ಏನಾಗುತ್ತದೆ ನೋಡುವ.

ಶನಿವಾರ ಆರಂಭ. ಅಂಗಡಿಯಿಂದ ಓಟ್ಸ್ ತಂದು, ಔನ್ಸನ್ನು ಗ್ರಾಮಿಗೆ ಇಳಿಸಿ, ನೀರಿನಲ್ಲಿ ಕುದಿಸಿದೆ. ನಮ್ಮ ಹಿರಿಯ ಅಡುಗೆಯವರು ಕಾಸರಗೋಡಿನವರು, ಕನ್ನಡ ತುಳು ಎರಡೂ ಬರುತ್ತಿತ್ತು. ಎಲ್ಲರೂ ಅವರನ್ನು ಇಕ್ಕ, ಅಂದರೆ ಅಣ್ಣ, ಎಂದೇ ಕರೆಯುತ್ತಿದ್ದರು. ಇಕ್ಕ ಪಾತ್ರೆಯೊಳಗೆ ಬಗ್ಗಿ ನೋಡಿದರು.

"ಇದೆಂತ, ಪೋಸ್ಟರ್ ಅಂಟಿಸ್ಲಿಕ್ಕಾ?"

"ಇಂಗ್ಲೆಂಡಿನ ಗಂಜಿ ಇಕ್ಕ. ಪರೀಕ್ಷೆಗೆ."

"ಇದನ್ನು ತಿಂದು ಅವರು ನಮ್ಮನ್ನು ಆಳಿದ್ದಾ? ಅಯ್ಯೋ ಪಡೆದವನೇ." ಒಂದು ಒಣಮೀನಿನ ತುಂಡನ್ನು ಸುಟ್ಟು ನನ್ನ ತಟ್ಟೆಯ ಬದಿಗೆ ಇಟ್ಟರು. ಪಟ್ಟಿಯಲ್ಲಿ ಇಲ್ಲ ಎಂದು ನಾನು ಅದನ್ನು ವಾಪಸ್ ಕೊಟ್ಟೆ. ಅವರು ತಾವೇ ತಿನ್ನುತ್ತಾ, ನನ್ನನ್ನು ನೋಡುತ್ತಾ, ಬೇಕೆಂದೇ ಚಪ್ಪರಿಸಿದರು.

ನಿಜ ಹೇಳುತ್ತೇನೆ, ನಾನು ಹಸಿದಿರಲಿಲ್ಲ. ಮಧ್ಯಾಹ್ನ ಒಂದು ದಿನ ಮಾಂಸ ಮತ್ತು ಆಲೂಗಡ್ಡೆ, ಒಂದು ದಿನ ಸಾರು, ರಾತ್ರಿಗೆ ಬ್ರೆಡ್ಡು ಮತ್ತು ಚೀಸು. ರುಚಿ ಸಪ್ಪೆ, ಹೊಟ್ಟೆ ತುಂಬಿತ್ತು. ನಾಲ್ಕನೇ ದಿನ, ಐದನೇ ದಿನವೂ ಅಷ್ಟೇ. ಕೋಣೆಯ ಐದು ಜನ ಸಂಗಾತಿಗಳು ನನಗೆ ವಿಕ್ಟೋರಿಯಾ ಎಂದೇ ಹೆಸರಿಟ್ಟರು. "ವಿಕ್ಟೋರಿಯಾ, ಲೈಟ್ ಆಫ್ ಮಾಡು." "ವಿಕ್ಟೋರಿಯಾ, ನಿನ್ನ ಬನಿಯನ್ ನನ್ನ ಹಗ್ಗದಲ್ಲಿ ಯಾಕೆ?" ಅದೂ ಸಹಿಸಿದೆ. ಆದರೆ ಮೇಡಂ ಪ್ರಶ್ನೆಗೆ ಉತ್ತರ ಮಾತ್ರ, ಇಲ್ಲಿಯ ಅರಬ್ಬಿಯಲ್ಲಿ ಹೇಳುವ ಹಾಗೆ, ಮಾಫಿ, ಇಲ್ಲವೇ ಇಲ್ಲ. ವಾರ ಮುಗಿಯುತ್ತಾ ಬಂತು, ಕಾಗದ ಖಾಲಿ. ನಾನು ಫೇಲಾಗುವುದು ಖಂಡಿತ ಎಂದು ಗುರುವಾರ ಮೊದಲ ಸಲ ಅನಿಸಿತು.

ಶುಕ್ರವಾರ ಎಂದಿನಂತೆ ಅಕ್ಕನ ಮನೆಗೆ ಹೋದೆ. ನಾನು ಆರಿಸಿಕೊಂಡ ಪಟ್ಟಿಯಲ್ಲಿ ಶುಕ್ರವಾರಕ್ಕೆ ಹದಿನಾಲ್ಕು ಔನ್ಸ್ ಅಕ್ಕಿ ಪುಡಿಂಗ್ ಇತ್ತು. ತೂಗಿ ಡಬ್ಬಿಯಲ್ಲಿ ತಂದಿದ್ದೆ. ಒಳಗೆ ಕಾಲಿಡುವಾಗಲೇ ಕುಚ್ಚಿಲಕ್ಕಿ ಬೇಯುವ ಪರಿಮಳ. ನಾನು ಪರೀಕ್ಷೆಗಾಗಿ ಗಂಜಿ ಉಣ್ಣುತ್ತಿದ್ದೇನೆ ಎಂದು ಫೋನಿನಲ್ಲಿ ಹೇಳಿದ್ದೆ. ಅಕ್ಕ ಅಷ್ಟನ್ನೇ ಕೇಳಿಸಿಕೊಂಡು, ಶುಕ್ರವಾರದ ಕೋಳಿಯನ್ನು ಬಿಟ್ಟು, ಮನೆಮಂದಿಗೆಲ್ಲ ಗಂಜಿ ಮಾಡಿದ್ದಳು. ಒಣ ಸಿಗಡಿಯ ಚಟ್ನಿ. ಅಮ್ಮ ಊರಿನಿಂದ ಕಳಿಸಿದ ಮಾವಿನ ಮಿಡಿ ಉಪ್ಪಿನಕಾಯಿಯ ಭರಣಿ.

"ಕೂತ್ಕೊ," ಎಂದಳು. "ನಿನ್ನ ಓದಿಗೆ ಗಂಜಿ ಅಂತೆ. ನಮಗೂ ಗಂಜಿ."

ನಾನು ಡಬ್ಬಿ ತೆಗೆದೆ. "ಅಕ್ಕ, ನನ್ನದು ಇದು."

ಅವಳು ಮುಚ್ಚಳ ತೆರೆದು, ಬೆರಳಿನಿಂದ ಆ ಬಿಳಿ ಮುದ್ದೆಯನ್ನು ಒತ್ತಿ ನೋಡಿದಳು. "ಕತೆಯಾ ಇದು? ಗೋಡೆ ಬಿರುಕಿಗೆ ತುಂಬ್ಲಿಕ್ಕೆ ಲಾಯ್ಕುಂಟು. ಆಯ್ತು, ನಿನಗೆ ಅದೇ ಬೇಕಾದ್ರೆ ಅದನ್ನೇ ತಿನ್ನು. ಬದಿಗೆ ಒಂದು ಮಿಡಿ ಇಟ್ಕೊ."

"ಪಟ್ಟಿಯಲ್ಲಿ ಇಲ್ಲ ಅಕ್ಕ."

ಅವಳು ನಕ್ಕಳು. ಚಮಚದಲ್ಲಿ ಮಿಡಿ ತೆಗೆದು ನನ್ನ ತಟ್ಟೆಯ ಮೇಲೆ ಹಿಡಿದಳು. ಕೆಂಪು ರಸ ತೊಟ್ಟಿಕ್ಕುತ್ತಿತ್ತು. ನಾನು ತಟ್ಟೆಯನ್ನು ಆಚೆಗೆ ಸರಿಸಿದೆ.

"ಇಲ್ಲ ಅಕ್ಕ. ಪಟ್ಟಿಯಲ್ಲಿ ಇಲ್ಲದ್ದು ಮುಟ್ಲಿಕ್ಕಿಲ್ಲ."

ಅವಳ ಮುಖ ಸಣ್ಣದಾಯಿತು. "ಯಾರ ಪಟ್ಟಿ ಅದು?" ಎಂದಳು. "ನನ್ನ ತಮ್ಮನಿಗೆ ನನ್ನ ಮನೆಯಲ್ಲಿ ನಾನು ಬಡಿಸ್ಲಿಕ್ಕೆ ಯಾರ ಹತ್ರ ಕೇಳ್ಬೇಕು?" ಮಿಡಿಯನ್ನು ಭರಣಿಗೆ ಹಾಕಿ, ಬಟ್ಟೆ ಕಟ್ಟಿ, ಒಳಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು.

ಭಾವ ಟೀವಿಯ ಸದ್ದು ಇಳಿಸಿದರು. "ಒಂದು ಮಿಡಿ ತಿಂದ್ರೆ ನಿನ್ನ ರಾಣಿ ಗೋರಿಯಿಂದ ಎದ್ದು ಬರ್ತಾಳಾ?"

ಡಬ್ಬಿಗೆ ಮುಚ್ಚಳ ಹಾಕಿ, ಪಟ್ಟಿಯಲ್ಲಿ ಇಲ್ಲದ್ದು ತಿಂದರೆ ಅಲ್ಲಿ ಏನಾಗುತ್ತಿತ್ತು ಎಂದು ನೋಡಲು ಹೊರಟೆ. ಚೀಲದಲ್ಲಿದ್ದ ಜೆರಾಕ್ಸ್ ಕಟ್ಟನ್ನು ತೆಗೆದು ಹಾಳೆ ತಿರುವಿದೆ. ಪಟ್ಟಿಯ ತೂಕಗಳನ್ನಷ್ಟೇ ಕಾಪಿ ಮಾಡಿಕೊಳ್ಳುವ ಅವಸರದಲ್ಲಿ ನಿಯಮಗಳ ಹಾಳೆಯನ್ನು ಮೇಲೆ ಮೇಲಷ್ಟೇ ನೋಡಿ ಬಿಟ್ಟಿದ್ದೆ. ಅಲ್ಲೇ ಇತ್ತು: ಕ್ರಿಸ್‌ಮಸ್ ದಿನ ಬಿಟ್ಟರೆ, ವೈದ್ಯರ ಲಿಖಿತ ಅಪ್ಪಣೆ ಇಲ್ಲದೆ, ಪಟ್ಟಿಯಲ್ಲಿರುವುದನ್ನು ಬಿಟ್ಟು ಬೇರೆ ಯಾವ ಆಹಾರವನ್ನೂ ಯಾರೂ ಇಟ್ಟುಕೊಳ್ಳುವಂತಿಲ್ಲ, ತಿನ್ನುವಂತಿಲ್ಲ.

ವಾರವಿಡೀ ನಾನು ಉಣ್ಣುವವನ ಹೊಟ್ಟೆಯನ್ನು ಮಾತ್ರ ನೋಡುತ್ತಿದ್ದೆ. ಗೇಟಿನ ಹೊರಗೆ ಒಬ್ಬ ಅಕ್ಕ ಬಂದು ನಿಂತಿರಬಹುದು, ಅವಳ ಸೆರಗಿನಲ್ಲಿ ಏನೋ ಇರಬಹುದು, ಪೋರ್ಟರ್ ಜೇಬು ತಡಕುವುದು ಅದಕ್ಕೂ ಹೌದು, ಎಂಬುದು ಹೊಳೆದೇ ಇರಲಿಲ್ಲ. ಒಂದೇ ಬೆಂಚಿನಲ್ಲಿ ಕೂತವನಿಗೆ ತನ್ನ ಚೀಸಿನ ತುಂಡು ಕೊಡಬೇಕೆನಿಸಿದವನೂ ಅಲ್ಲಿ ಇದ್ದಿರಬೇಕು. ಹೊಟ್ಟೆಗೆ ಅಲ್ಲಿ ಕೊರತೆ ಇರಲಿಲ್ಲ. ಒಬ್ಬರು ಇನ್ನೊಬ್ಬರಿಗೆ ತಮ್ಮವರಾಗಿ ಉಳಿಯುವ ದಾರಿಯನ್ನೆಲ್ಲ ಮುಚ್ಚಿದ್ದರು. ಹೆಂಡತಿ ಬಡಿಸುವ ಹಾಗಿಲ್ಲ, ತಾಯಿ ಮಗುವಿಗೆ ತುತ್ತು ಉಳಿಸುವ ಹಾಗಿಲ್ಲ. ಹೊರಗಿನ ಅತ್ಯಂತ ಬಡ ಕೂಲಿಗಿಂತ ಒಳಗಿನವನ ಬದುಕು ಕೆಳಗಿರಬೇಕು ಎಂಬುದು ಆ ಕಾನೂನಿನ ಮೂಲ ತತ್ವ. ತೂಕದಲ್ಲಿ ಅದನ್ನು ಸಾಧಿಸುವುದು ಕಷ್ಟ, ಯಾಕೆಂದರೆ ಹೊರಗಿನ ಕೂಲಿಗೆ ಅಷ್ಟು ತೂಕದ ಊಟವೂ ಇರಲಿಲ್ಲ. ಹಾಗಾಗಿ ಬೇರೆ ಕಡೆಯಿಂದ ಸಾಧಿಸಿದರು.

ಇನ್ನೊಂದು ವಿಷಯವೂ ಆಗಲೇ ಹೊಳೆಯಿತು, ಅದನ್ನು ಬರೆಯಲು ನಾಚಿಕೆ. ನಮ್ಮ ಮೆಸ್ಸಿನ ಕಿಟಕಿಗೆ ಬಂದು ನೇಪಾಳಿಗಳು ಒಂದು ಹಸಿಮೆಣಸು, ಅರ್ಧ ಈರುಳ್ಳಿ ಕೇಳಿದರೆ, "ಲಿಸ್ಟ್ ಮೇ ನಹೀ ಹೈ," ಎಂದು ನಾನು ವರ್ಷಗಟ್ಟಲೆ ಹೇಳಿದ್ದೆ. ತಲೆ ಎತ್ತದೆ ಹೇಳಿದ್ದೆ.

ಎದ್ದು ಅಡುಗೆಕೋಣೆಗೆ ಹೋಗಿ ಅಂಗೈ ಚಾಚಿದೆ. "ಅಕ್ಕ, ಒಂದು ಮಿಡಿ."

"ಪಟ್ಟಿಯಲ್ಲಿ ಉಂಟಾ?"

"ಪಟ್ಟಿ ಖಲಾಸ್."

"ಹಾಗಾದ್ರೆ ಎರಡು ತಿನ್ನು," ಎಂದಳು. ಗಂಜಿಯನ್ನೂ ಮೂರು ಸಲ ಬಡಿಸಿದಳು. ಪ್ರಯೋಗಕ್ಕೆ ಒಂದು ಹೊತ್ತು ಕಡಿಮೆಯಾಯಿತು. ಅದನ್ನೂ ಪ್ರಾಜೆಕ್ಟಿನಲ್ಲಿ ಪ್ರಾಮಾಣಿಕವಾಗಿ ಬರೆದೆ.

ಮುಂದಿನ ವಾರ ಪ್ರತಿ ಮಧ್ಯಾಹ್ನ ಅಕ್ಕಿ ಚೀಲದ ಮೇಲೆ ಕೂತು ಮೊದಲಿಂದ ಬರೆದೆ. ಗಂಜಿಯ ಹೊಗಳಿಕೆ ಮೂರು ಪುಟದಿಂದ ಒಂದು ಸಾಲಿಗೆ ಇಳಿಯಿತು. ಪೂರ್ತಿ ತೆಗೆಯಲು ಮನಸ್ಸು ಬರಲಿಲ್ಲ. ಮೇಡಂ ಓದಿ, ಎರಡು ಕಡೆ ಇಂಗ್ಲಿಷ್ ತಿದ್ದಿ, "ಈಗ ಕಳಿಸುವ," ಎಂದರು. ಅಷ್ಟೇ ಅಂದದ್ದು. ನನಗೆ ಅಷ್ಟು ಸಾಕಿತ್ತು.

ಕ್ಯಾಂಪ್ ಬಾಸ್‌ಗೆ ಹೇಳಿ ಬಡಿಸುವ ಕಟ್ಟೆಯ ಮೇಲೆ ಒಂದು ಬುಟ್ಟಿ ಹಸಿಮೆಣಸು, ಒಂದು ಬುಟ್ಟಿ ಈರುಳ್ಳಿ ಇಡಿಸಿದೆ. ಯಾರು ಎಷ್ಟು ಬೇಕಾದರೂ ತೆಗೆದುಕೊಳ್ಳಬಹುದು. ಅವನಿಗೆ ಇತಿಹಾಸ ಹೇಳಲು ಹೋಗಲಿಲ್ಲ. ಊಟದ ಬಗ್ಗೆ ದೂರು ಕಡಿಮೆಯಾಗುತ್ತದೆ ಎಂದೆ. "ಮಾಫಿ ಮುಶ್ಕಿಲ್," ತೊಂದರೆ ಇಲ್ಲ, ಎಂದ. ದೂರು ನಿಜವಾಗಿಯೂ ಕಡಿಮೆಯಾಯಿತು, ಅದರ ಹೆಗ್ಗಳಿಕೆ ಅವನಿಗೇ ಹೋಯಿತು. ಹೋಗಲಿ.

ಫಲಿತಾಂಶಕ್ಕೆ ನಾಲ್ಕು ತಿಂಗಳು ಕಾಯಬೇಕಾಯಿತು. ಆರು ವರ್ಷ ತುಂಬಲು ಹದಿನೇಳು ದಿನ ಇರುವಾಗ ಅಧ್ಯಯನ ಕೇಂದ್ರದಿಂದ ಫೋನ್ ಬಂತು. ನಾನು ಆಗ ಬೇಳೆ ತೂಗುತ್ತಿದ್ದೆ. ಪಾಸು ಎಂದು ಕೇಳಿ, ತಕ್ಕಡಿಯ ಮೇಲಿನ ಬೇಳೆಯನ್ನು ಹಾಗೆಯೇ ಬಿಟ್ಟು ಹೊರಗೆ ಹೋಗಿ, ಬಿಸಿಲಿನಲ್ಲಿ ಸುಮ್ಮನೆ ಒಂದು ಸುತ್ತು ನಡೆದು ಬಂದೆ. ಇಕ್ಕ ಎಲ್ಲರಿಗೂ ಸೇಮಿಗೆ ಪಾಯಸ ಮಾಡಿದರು. ನನ್ನ ಕೋಣೆಯವರು ವಿಕ್ಟೋರಿಯಾ ಬಿ.ಎ. ಎಂದು ಕಾಗದದಲ್ಲಿ ಬರೆದು ನನ್ನ ಮಂಚಕ್ಕೆ ಅಂಟಿಸಿದರು.

ಪ್ರಮಾಣಪತ್ರ ಕೊಡುವ ಸಣ್ಣ ಸಮಾರಂಭ ಅದೇ ಶಾಲೆಯ ಹಾಲಿನಲ್ಲಿ, ಒಂದು ಶುಕ್ರವಾರ ಬೆಳಿಗ್ಗೆ. ಬಾಡಿಗೆಯ ಕಪ್ಪು ಗೌನು ನನಗೆ ಗಿಡ್ಡ, ಕೆಳಗೆ ಸೇಫ್ಟಿ ಶೂ ಕಾಣುತ್ತಿತ್ತು. ನನ್ನ ಹತ್ತಿರ ಬೇರೆ ಶೂ ಇರಲಿಲ್ಲ. ಹೆಸರು ಕರೆದಾಗ ಮೆಟ್ಟಿಲು ಹತ್ತಿದೆ, ಕೈ ಕುಲುಕಿದರು, ಕಾಗದ ಕೈಗೆ ಬಂತು. ಭಾವ ಮುಂದಿನ ಸಾಲಿಗೆ ನುಗ್ಗಿ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಾ ಯಾರದೋ ಕಾಲು ತುಳಿದು ಬೈಸಿಕೊಂಡರು.

ಕೆಳಗಿಳಿದು ನೇರ ಅಕ್ಕನ ಹತ್ತಿರ ಹೋಗಿ ಅದನ್ನು ಅವಳ ಕೈಗೆ ಕೊಟ್ಟೆ. ಅವಳು ಎರಡೂ ಅಂಗೈಯನ್ನು ಸೀರೆಗೆ ಒರೆಸಿಕೊಂಡು ತೆಗೆದುಕೊಂಡಳು. ಇಂಗ್ಲಿಷ್ ಅಕ್ಷರಗಳ ಮೇಲೆ ನಿಧಾನವಾಗಿ ಬೆರಳಾಡಿಸಿ, ನನ್ನ ಹೆಸರು ಸಿಕ್ಕಿದಲ್ಲಿ ನಿಲ್ಲಿಸಿದಳು. ಎಲ್ಲರೂ ಚಹಾ ಕುಡಿಯಲು ಎದ್ದು ಹೋಗುತ್ತಿದ್ದರು. ಅವಳು ಮಾತ್ರ ಏಳಲಿಲ್ಲ. ಆಮೇಲೆ ಭಾವನಿಗೆ ಕೇಳಿಸದ ಹಾಗೆ, ನನ್ನ ಕಡೆ ಬಗ್ಗಿ ಹೇಳಿದಳು:

"ನಾನು ಏಳನೇ ಕ್ಲಾಸಿನವರೆಗೆ ಮಾತ್ರ ಹೋದದ್ದು. ಅಂಥವರನ್ನು ಇಲ್ಲಿ ತಗೊಳ್ತಾರಾ? ನಿನ್ನ ಮೇಡಂ ಹತ್ರ ಕೇಳು ಹೋಗು. ಈಗ್ಲೇ ಕೇಳು, ಅವರು ಚಹಾ ಕುಡಿದು ಹೋಗುವ ಮೊದಲು."